ಹಂಪವ್ವನ ಸಂಜೆಯ ಕೀರ್ತನೆ

ದೀಪ ಹಚ್ಚುವ ಹೊತ್ತಿಗೆ ಹಂಪವ್ವ ಕೀರ್ತನೆ ಎತ್ತಿದಳೆಂದರೆ ದಾವಣಗೆರೆಯ ನಮ್ಮ ಓಣಿಯ ನಾಯಿಗಳೂ ಬಾಯಿ ಮುಚ್ಚುತ್ತಿದ್ದವು. ಅಂಥ ಗಂಟಲು ಅವಳದು. ಮಾಯಕೊಂಡದ ಕಡೆ ಕುರಿ ಕಾಯುತ್ತ, ಗುಡ್ಡದಿಂದ ಗುಡ್ಡಕ್ಕೆ ಕೂಗು ಹಾಕುತ್ತ ಬೆಳೆದವಳು. ದೀಕ್ಷಾಸ್ನಾನದಲ್ಲಿ ನಮ್ಮ ಸಭೆಯ ಪಾದ್ರಿ ಅಯ್ಯನವರು ಮಾರ್ಥ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೆ ಅವಳು ಯಾವತ್ತೂ ಓಗೊಟ್ಟಿದ್ದಿಲ್ಲ. ಹಂಪವ್ವ ಎಂದರೆ ಮಾತ್ರ ತಿರುಗಿ ನೋಡುತ್ತಿದ್ದಳು.

ಆ ಹಾಡು ಕೇಳಿದಾಗೆಲ್ಲ ಓಣಿಯ ತಾಯಂದಿರು ಮಕ್ಕಳಿಗೆ ಹೇಳುವುದಿತ್ತು: ನೋಡಿ ಕಲೀರಿ, ಆ ಮನೆಯಲ್ಲಿ ಎಷ್ಟು ತಪ್ಪದೆ ಪ್ರಾರ್ಥನೆ ಮಾಡುತ್ತಾರೆ.

ಅದು ಪ್ರಾರ್ಥನೆಯಲ್ಲ. ಹಂಪವ್ವನ ಮಗ ಯಾಕೋಬಪ್ಪ ಕಾಟನ್ ಮಿಲ್ಲಿನಲ್ಲಿ ಆಳುಗಳ ಮೇಲಿನ ಜಾಬರ್, ನಮ್ಮ ಸಭೆಗೆ ಹಿರಿಯ, ಭಾನುವಾರ ಕಾಣಿಕೆ ತಟ್ಟೆ ಹಿಡಿಯುವವನು. ಮಿಲ್ಲಿನಿಂದ ಬಂದವನು ಹೆಂಡತಿ ಸಲೋಮಿಯನ್ನು ಒಳಕೋಣೆಗೆ ಎಳೆದು, ಯಂತ್ರದ ಹಳೆಯ ಚರ್ಮದ ಬಾರಿನಿಂದ ಹೊಡೆಯುತ್ತಿದ್ದ. ಮುಖಕ್ಕಲ್ಲ, ಕೈಗಲ್ಲ. ಮೊಣಕಾಲಿನಿಂದ ಕೆಳಗೆ, ಸೀರೆ ಮುಚ್ಚುವ ಕಡೆ. ಆಗ ತಾಯಿ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು, ಒಳಗಿನ ಕಿರುಚಾಟ ಹೊರಗೆ ಕೇಳದ ಹಾಗೆ ಹಾಡುತ್ತಿದ್ದಳು. ಇದನ್ನೆಲ್ಲ ಸಲೋಮಿ ನನಗೆ ಹೇಳಿದ್ದು ಹರಿಹರದ ಕೂಟ ಮುಗಿದ ಮೇಲೆ. ಮೊದಲು ಓಣಿಗೆ ಕೇಳುತ್ತಿದ್ದದ್ದು ಹಾಡು ಮಾತ್ರ.

ಐವತ್ತೆಂಟನೇ ಇಸವಿ, ಜೋಳದ ಸುಗ್ಗಿಯ ಕಾಲ. ಹರಿಹರದ ಸ್ತ್ರೀ ಸಂಘದವರೂ ನಾವೂ ಸೇರಿ ಅನ್ಯೋನ್ಯತೆಯ ಕೂಟ ಮಾಡಬೇಕೆಂದು ಮಾತಾಯಿತು. ಅಯ್ಯನವರ ಹೆಂಡತಿ ಎಸ್ತೇರಮ್ಮನವರ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು.

"ಜಾಗ, ಅಡಿಗೆ ಹರಿಹರದವರದು. ಕೂಟಕ್ಕೆ ಒಂದು ವಿಷಯ ಬೇಕಲ್ಲ?" ಎಂದರು ಎಸ್ತೇರಮ್ಮ. "ಕರ್ತನು ಶಿಷ್ಯರ ಕಾಲು ತೊಳೆದ ಹಾಗೆ ನಾವೂ ಒಬ್ಬರದೊಬ್ಬರು ತೊಳೆಯೋಣ ಅಂತ ನನ್ನ ಮನಸ್ಸಿನಲ್ಲೈತೆ."

"ನನ್ನ ಕಾಲಿಗೆ ಇಡೀ ಹೊಳೆ ಬೇಕಾಗ್ತದ್ರೀ ಅಮ್ಮಾರೆ," ಎಂದು ನನ್ನ ಸೀಳಿದ ಹಿಮ್ಮಡಿ ತೋರಿಸಿದೆ. ಎಲ್ಲರೂ ನಕ್ಕರು.

ಯಾವತ್ತೂ ಬಾಯಿ ಬಿಡದ ಸಲೋಮಿ ಆಗ ತಲೆ ಎತ್ತದೆ ಅಂದಳು: "ಅತ್ತೆದಿರು ಸೊಸೆದಿರ ಕಾಲು ತೊಳೀಲ್ರಿ."

ಪಡಸಾಲೆಯೇ ಹಾರಿಹೋಗುವಂಥ ನಗೆ ಎದ್ದಿತು. ಕರುಣಮ್ಮ ಕಣ್ಣೊರೆಸಿಕೊಂಡು, "ನಮ್ಮತ್ತಿ ಕಾಲು ತೊಳಿಯಾದು ಹಂಗಿರ್ಲಿ, ಕಾಲು ಹಿಡಿದು ಬಾವಿಗೆ ಎಸೀತಾಳೆ!" ಎಂದಳು.

ಪಕ್ಕದಲ್ಲೇ ಇದ್ದ ಅವಳ ಅತ್ತೆ, "ಎಸೀಬೇಕಂದ್ರೆ ಮೊದಲು ಎತ್ತಾಕೆ ಬರ್ಬೇಕಲ್ಲ, ಜೋಳದ ಚೀಲ!" ಎಂದಳು.

ಆದರೆ ಎಸ್ತೇರಮ್ಮನವರಿಗೆ ಆ ಮಾತು ಹಿಡಿಸಿತು. "ಇದೇ ಇರಲಿ. ಮೊದಲು ಹಂಪವ್ವ, ಸಲೋಮಿ. ದಿನಾ ಸಂಜೆ ಪ್ರಾರ್ಥನೆ ನಡೆಯೋ ಮನೆ ಅದು. ಎಲ್ಲರ ಮುಂದೆ ಅವರೇ ಮಾದರಿ."

ಹಂಪವ್ವನ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು.

ಆ ಸಂಜೆ ಯಾಕೋಬಪ್ಪ ಬಾಗಿಲ ಅಗುಳಿ ಹಾಕಿದ. "ಕಾಲು ತೋರಿಸಾಕೆ ಹೊಂಟೀಯಾ? ತೋರಿಸು. ಹೊಸದು ಮಾಡಿ ಕಳಿಸ್ತೀನಿ," ಎಂದು ಅವಳನ್ನು ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಬಾರನ್ನು ತಿರುಗಿಸಿ ಕಬ್ಬಿಣದ ಕೊಂಡಿ ಇದ್ದ ತುದಿಯಿಂದ ಹೊಡೆದ. ಮೀನಖಂಡದ ಚರ್ಮ ಸುಲಿದು ಬಂತು. ಸಲೋಮಿ ಬಾಯಿಗೆ ಸೆರಗು ತುರುಕಿಕೊಂಡಳು. ಹೊರಗೆ ಹಂಪವ್ವ ಎರಡನೇ ಚರಣ ಮರೆತು ಮೊದಲನೆಯದನ್ನೇ ಮತ್ತೆ ಮತ್ತೆ ಹಾಡಿದಳು. ನಾವು, ಭಕ್ತಿ ಉಕ್ಕಿರಬೇಕು ಅಂದುಕೊಂಡೆವು.

ಕೈ ಸೋತ ಮೇಲೆ ಅವನು ಹೊರಗೆ ಬಂದು ತಾಯಿಗೆ ಅಂದನಂತೆ: "ಹೋಗದಿದ್ರೆ ಜನ ಕೇಳ್ತಾರೆ, ಹೋಗ್ರಿ. ಹೆಬ್ಬೆರಳಿಗೆ ನೀರು ಬಿಟ್ಟು ಏಳು. ಸೀರೆ ಕಾಲಗಿಣ್ಣು ದಾಟಿ ಮೇಲೆ ಹೋತೋ, ಅಲ್ಲೇ ಹೊಳಿ ಐತೆ. ಇವಳ ಹೆಣ ಸಿಗದಂಗೆ ಮಾಡ್ತೀನಿ."

ಸಲೋಮಿ ಗೋಡೆ ಹಿಡಿದು ಎದ್ದು ಇಷ್ಟೇ ಅಂದಳು: "ಅತ್ತೀ, ಸೀರೆ ನಾನಂತೂ ಎತ್ತಲ್ಲ. ನನ್ನ ಕೈಲಿ ಆಗಲ್ಲ. ನಿಮ್ಮ ಕೈಯಾಗೈತೆ."

ಕೂಟದ ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಸಲೋಮಿ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತಿದ್ದಳು. ಹರಿಹರದವರು ಗುಡಿಸಿ ಸಾರಿಸಿದ ಅಂಗಳದಲ್ಲಿ ಚಪ್ಪರ ಹಾಕಿ, ನಡುವೆ ಸ್ಟೂಲು, ಅದರ ಮುಂದೆ ನೀರು ಹಿಡಿಯಲು ಅಗಲವಾದ ಪರಾತ ಇಟ್ಟಿದ್ದರು. ಹೊಳೆಯಿಂದ ನೀರು ತರಿಸುವ ಕೆಲಸ ಸಭೆಯ ಹಿರಿಯರದು. ಯಾಕೋಬಪ್ಪ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ, ಪರಾತದ ಪಕ್ಕದಲ್ಲೇ ನಿಂತ.

ಸಲೋಮಿ ಕೂತಳು. ಹಂಪವ್ವ ಮಂಡಿಯೂರಿದಳು. ಹಿತ್ತಾಳೆ ತಂಬಿಗೆಯಿಂದ ಹೆಬ್ಬೆರಳಿಗೆ ಒಂದು ಧಾರೆ ಬಿಟ್ಟಳು. ಮಗ ಹೇಳಿದಷ್ಟೇ. ಎಸ್ತೇರಮ್ಮನವರು, "ಚೆನ್ನಾಗಿ ತೊಳೀ ಹಂಪವ್ವ, ಸೊಸೆ ಅಂತ ಕಂಜೂಸಿ ಮಾಡ್ಬ್ಯಾಡ," ಎಂದು ನಕ್ಕರು. ಇನ್ನೊಂದು ಧಾರೆ ಗಿಣ್ಣಿನ ಮೇಲೆ ಬಿದ್ದಿತು. ಗಾಯಕ್ಕೆ ಅಂಟಿ ಒಣಗಿದ್ದ ಸೀರೆಯ ಅಂಚು ನೆನೆದು ಕಿತ್ತುಬಂತು. ಪರಾತದ ನೀರಿನಲ್ಲಿ ಕೆಂಪು ಎಳೆಎಳೆಯಾಗಿ ಹರಡಿತು.

"ಅಯ್ಯೋ, ಏನಾತೇ?" ಎಂದರು ಎಸ್ತೇರಮ್ಮ.

"ಮುಳ್ಳು ತುಳಿದಾಳ್ರೀ," ಎಂದ ಯಾಕೋಬಪ್ಪ. ತಾಯಿಯ ಕಡೆ ಬಗ್ಗಿ ಹಲ್ಲು ಕಚ್ಚಿ, "ಏಳು," ಎಂದ.

ಹಂಪವ್ವ ಏಳಲಿಲ್ಲ. ಕೆಂಪು ನೀರನ್ನೇ ನೋಡುತ್ತ, ಎರಡೂ ಕೈಯಿಂದ ಸೊಸೆಯ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಬಿಟ್ಟಳು. ಹಳೆಯ ಬರೆಗಳು ಕಪ್ಪಾಗಿದ್ದವು, ಅವುಗಳ ಮೇಲೆ ಹಳದಿ, ಹಳದಿಯ ಮೇಲೆ ಹಸಿ ಮಾಂಸ.

"ಮುಳ್ಳಲ್ಲ ಇದು," ಎಂದಳು ಹಂಪವ್ವ. "ನನ್ನ ಮಗ." ಆಮೇಲೆ ತನ್ನ ಸೀರೆಯನ್ನೂ ಮೇಲಕ್ಕೆ ಸರಿಸಿದಳು. ಮುಪ್ಪಿನ ಮೀನಖಂಡದ ಮೇಲೆ ಸುಕ್ಕುಗಟ್ಟಿದ ಅದೇ ಬಗೆಯ ಬರೆ. "ಇದು ಅವನ ಅಪ್ಪ. ಆಗ ನಮ್ಮತ್ತಿ ಕಾಳಿಲ್ಲದ ಬರಿ ಒರಳು ಕುಟ್ತಾ ಕೂಡ್ತಿದ್ಲು, ಬೀದಿಗೆ ಕೇಳಬಾರ್ದು ಅಂತ. ನಾನು ಹಾಡಿದೆ. ನನ್ನ ಸಂಜಿ ಪ್ರಾರ್ಥನೆ ಅಂದ್ರೆ ಇದೇ ನೋಡ್ರವ್ವಾ."

ಯಾಕೋಬಪ್ಪ ಪರಾತಕ್ಕೆ ಒದ್ದ. ಅದು ಗಿರಗಿರ ತಿರುಗಿ ಮುಂದಿನ ಸಾಲಿನ ಹೆಂಗಸರ ಮಡಿಲಿಗೆ ನೀರು ಚೆಲ್ಲಿತು. ಸಲೋಮಿಯ ಜಡೆಯನ್ನು ಕೈಗೆ ಸುತ್ತಿ ಸ್ಟೂಲಿನಿಂದ ಕೆಳಗೆಳೆದು, "ಹೊಳಿಗೆ ನಡಿ," ಎಂದು ಚಪ್ಪರದ ಆಚೆ ದರದರ ಎಳೆದ. ನಾನು ಅವನ ಕೈಗೆ ಜೋತುಬಿದ್ದೆ. ಮೊಣಕೈಯಿಂದ ತಿವಿದ, ನನ್ನ ಒಂದು ಹಲ್ಲು ಅಲ್ಲೇ ಉದುರಿತು. ಅಷ್ಟರಲ್ಲಿ ಹಂಪವ್ವ ತಂಬಿಗೆ ಎತ್ತಿ ಮಗನ ಹಣೆಗೆ ಹೊಡೆದಳು. ಒಂದು ಸಲ ಅಲ್ಲ. ಅವನು ಮಂಡಿ ಕುಸಿದು ಬಿದ್ದ ಮೇಲೂ ಹೊಡೆದಳು, ತಂಬಿಗೆಯ ಕಂಠ ನೆಗ್ಗುವವರೆಗೆ. ಬಿಳಿ ಅಂಗಿ ಎದೆಯವರೆಗೆ ಕೆಂಪಾಯಿತು. ಕರುಣಮ್ಮನ ಅತ್ತೆ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದಳೋ ಏನೋ.

"ಬಿಡೇ," ಎನ್ನುತ್ತಿದ್ದಳು, "ಹೆತ್ತಾಕಿ ನಾನು, ಬಿಡೇ."

ಅವನ ಹಣೆಗೆ ಹೊಲಿಗೆ ಬಿತ್ತು. ಸಭೆಯ ಹಿರಿತನ ಹೋಯಿತು. ಪೊಲೀಸರಿಗೆ ಯಾರೂ ಹೇಳಲಿಲ್ಲ, ಆಗ ಹೇಳುವ ರೂಢಿಯೂ ಇರಲಿಲ್ಲ. ಮನೆ ಅದೇ, ಮನುಷ್ಯ ಅವನೇ. ಆ ಮಳೆಗಾಲದಲ್ಲಿ ಒಂದು ಸಂಜೆ ಅವನು ಮತ್ತೆ ಬಾರಿಗೆ ಕೈ ಹಾಕಿದ. ಈ ಸಲ ಹಂಪವ್ವ ಒಳಗೇ ಉಳಿದು, ಅಗುಳಿ ತೆಗೆದು, ಬಾಗಿಲು ಹಾರುಹೊಡೆದು, ಬೀದಿಗಲ್ಲ, ಮಗನ ಮುಖಕ್ಕೇ ಮುಖ ಕೊಟ್ಟು ಆ ಕೀರ್ತನೆ ಎತ್ತಿದಳು. ಮೊದಲ ಸಾಲು ಮುಗಿಯುವ ಮುಂಚೆಯೇ ಓಣಿಯ ಹೆಂಗಸರೆಲ್ಲ ಅವರ ಅಂಗಳದಲ್ಲಿದ್ದೆವು. ಕರುಣಮ್ಮನ ಕೈಯಲ್ಲಿ ಒನಕೆ, ನನ್ನ ಕೈಯಲ್ಲಿ ಒಲೆಯಿಂದ ಎಳೆದ ಕೊಳ್ಳಿ. ಅವನು ಬಾರು ಕೆಳಗಿಟ್ಟ. ನಾನು ಒಳಗೆ ಹೋಗಿ ಅದನ್ನು ಅವರ ಒಲೆಗೇ ಹಾಕಿದೆ. ಚರ್ಮ ಸುಟ್ಟ ನಾತ ಓಣಿಯಲ್ಲಿ ಬಹಳ ಹೊತ್ತು ಇತ್ತು. ಅದೇ ಕೊನೆ. ಮತ್ತೆ ಅವನು ಕೈ ಎತ್ತಲಿಲ್ಲ, ಹಂಪವ್ವ ಹಾಡಲೂ ಇಲ್ಲ.

ಅರವತ್ತಾರರ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಹೊಸದಾಗಿ ಬಂದಿದ್ದ ಅಯ್ಯನವರಿಗೆ ಯಾರೋ ಹೇಳಿದ್ದರು, ಅಜ್ಜಿಗೆ ಪ್ರಿಯವಾದ ಕೀರ್ತನೆ ಇಂಥದು ಅಂತ. ಗುಣಿಯ ಹತ್ತಿರ ನಿಂತು ಅವರು ರಾಗ ಎತ್ತಿದರು. ಸಲೋಮಿ ಧಪ್ಪನೆ ಮಣ್ಣಿನ ಮೇಲೆ ಕೂತು ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಅದು ಬ್ಯಾಡ್ರೀ ಅಯ್ಯನವರೇ," ಎಂದಳು. "ನಮ್ಮತ್ತೀನ ಸುಮ್ನೆ ಕಳಿಸ್ರಿ."

ಹಾಡಿಲ್ಲದೆಯೇ ಮಣ್ಣು ಮಾಡಿದೆವು. ಯಾಕೋಬಪ್ಪ ಹಣೆಯ ಗಾಯದ ಗುರುತು ಹೊತ್ತು ದೂರದಲ್ಲಿ ನಿಂತಿದ್ದ. ಮೊದಲ ಹಿಡಿ ಮಣ್ಣು ಹಾಕಿದವಳು ಸಲೋಮಿ.