ತೊಟ್ಟಿಕ್ಕುವ ಸದ್ದು ನಿಂತ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧಾಶ್ರಮದ ಹಿಂಬದಿಯ ಒಲೆಕೋಣೆಯಲ್ಲಿ ಕೆಂಡಕ್ಕ ಇನ್ನೊಂದು ಸೌದೆ ಸೀಳನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಒಲೆಗೆ ಮಾತ್ರ ಹಾಕುತ್ತಿಲ್ಲ. ಬೆಂಕಿ ಚೆನ್ನಾಗಿ ಹತ್ತಿಕೊಂಡಿದೆ. ಅಟ್ಟದ ಮೇಲಿನ ಟ್ಯಾಂಕ್ ಒಳಗೊಳಗೇ ಗುರುಗುಟ್ಟುತ್ತಿದೆ. ದಿನಾ ಈ ಹೊತ್ತಿಗೆ ಕೇಳಿಸುವ ಇನ್ನೊಂದು ಸದ್ದು ಇಲ್ಲ. ಅವರ ಮೈಯೆಲ್ಲ ಕಿವಿಯಾಗಿದೆ.

"ತಗಡಿನ ಮೇಲೆ ಬೀಳ್ತಾ ಇಲ್ವಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಸೀಳನ್ನು ಕೆಳಗಿಡುತ್ತಾರೆ.

ಇಲ್ಲಿನ ಹಿರಿಯರಿಗೆಲ್ಲ ಸ್ನಾನಕ್ಕೆ ನೀರು ಕಾಯಿಸುವುದು ಕೆಂಡಕ್ಕನ ಕೆಲಸ. ಒಲೆಯ ಬೆನ್ನಿಗಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಕಾದ ನೀರು ತಾನಾಗಿಯೇ ಕೊಳವೆ ಹತ್ತಿ ಟ್ಯಾಂಕ್ ಸೇರುತ್ತದೆ, ಅಲ್ಲಿಂದ ಬಚ್ಚಲುಗಳ ನಲ್ಲಿಗೆ ಇಳಿಯುತ್ತದೆ. ಟ್ಯಾಂಕಿನ ನೆತ್ತಿಯಿಂದ ಹೊರಟ ಇನ್ನೊಂದು ಕೊಳವೆ ತಾರಸಿಯ ಅಂಚಿನಲ್ಲಿ ಬಾಯ್ತೆರೆದು ಬಾಗಿದೆ. ನೀರು ಮಿತಿಮೀರಿ ಕಾದರೆ ಉಗಿ ಹೊರಹೋಗಲು ಇರುವ ದಾರಿ ಅದೊಂದೇ. ತಣ್ಣೀರು ಬರುವ ಕಡೆ ಒಮ್ಮುಖದ ವಾಲ್ವ್ ಇದೆ, ಒಳಗೆ ಹೋದದ್ದು ಅಲ್ಲಿಂದ ವಾಪಸು ಬರುವುದಿಲ್ಲ. ಒಲೆ ಬಿಸಿಯೇರಿದ ಮೇಲೆ ತಾರಸಿಯ ಕೊಳವೆಯಿಂದ ತುಕ್ಕುನೀರು ಸೌದೆಮನೆಯ ತಗಡಿನ ಮೇಲೆ ಟಪ್ ಟಪ್ ಎಂದು ತೊಟ್ಟಿಕ್ಕುತ್ತದೆ. ಆ ಸದ್ದು ಕೇಳಿಸಿದರೆ ಕೆಂಡಕ್ಕನಿಗೆ ನೆಮ್ಮದಿ.

"ಗ್ಯಾಸ್ ಆದ್ರೆ ಕಿವಿ ಹಿಂಡಿದ ಕೂಡ್ಲೇ ಸುಮ್ಮನಾಗುತ್ತೆ. ಸೌದೆ ಬೆಂಕಿ ಹಟಮಾರಿ ಕೂಸು. ಉಂಡಿದ್ದು ಕರಗೋವರೆಗೂ ಯಾರ ಮಾತೂ ಕೇಳಲ್ಲ" ಎನ್ನುತ್ತಾರೆ. ಇದನ್ನು ಕಲಿಸಿದವರು ಗಂಡ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಇಂಥದ್ದೇ ಒಲೆ ನೋಡಿಕೊಳ್ಳುತ್ತಿದ್ದರು. ಒಂದು ದಿನ ಅಲ್ಲಿನ ಟ್ಯಾಂಕ್ ಒಡೆಯಿತು. ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಈಗಲೂ ಅಂಗಿ ತಾಗಿದರೆ ಉರಿ, ಮಲಗಿದರೆ ಮಗ್ಗುಲಿಗೇ. ಸಂಸಾರದ ನೊಗ ಹೊತ್ತ ಕೆಂಡಕ್ಕ, ಹೊಟ್ಟೆಪಾಡಿಗೆ ಗಂಡ ಬಿಟ್ಟ ಕೆಲಸವನ್ನೇ ಹಿಡಿದರು. ಬೇರೆ ಕೆಲಸ ಸಿಗಲಿಲ್ಲವೇ ಎಂದು, ಈ ಒಲೆಯ ಬಗ್ಗೆ ಬರೆಯಲು ಬಂದಿರುವ ಪತ್ರಿಕೆಯವರು ಕೇಳಿದರೆ ನಗುತ್ತಾರೆ. "ಸಿಕ್ತಿತ್ತು. ಆದ್ರೆ ಹೆದರಿಕೆ ಗೊತ್ತಿರೋರು ಒಲೆ ಮುಂದೆ ಇರೋದು ಒಳ್ಳೇದಲ್ವಾ?"

ಈಗ ಆ ಹೆದರಿಕೆ ಅವರ ಮುಖದಲ್ಲಿ ಎದ್ದು ಕಾಣುತ್ತಿದೆ. ಗೋಡೆಯ ಮೇಲಿನ ಒತ್ತಡಮಾಪಕದ ಮುಳ್ಳು ಕೆಂಪು ಗೆರೆ ದಾಟಿದೆ. ಟ್ಯಾಂಕಿನ ಗುರುಗುಟ್ಟುವಿಕೆ ನಿಂತು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ದಡ್ ದಡ್ ಎನ್ನುತ್ತಿದೆ.

ಬಾಗಿಲಲ್ಲಿ ಕೆಂಡಕ್ಕನ ತಂಗಿ ಬಂದು ನಿಂತಿದ್ದಾರೆ. ಇದೇ ಆಶ್ರಮದಲ್ಲಿ ಬಟ್ಟೆ ಒಗೆಯುವವರು. ಸೊಂಟದ ಮೇಲೆ ಹೊದಿಕೆಗಳ ಬುಟ್ಟಿ.

"ತಾರಸಿ ಕೊಳವೆಗೆ ಯಾರೇನು ಮಾಡಿದ್ರೇ?" ಅಕ್ಕ ಮುಳ್ಳಿನಿಂದ ಕಣ್ಣು ಕೀಳದೆ ಕೇಳುತ್ತಾರೆ.

ಬುಟ್ಟಿ ನೆಲಕ್ಕೆ ಬೀಳುತ್ತದೆ. "ಅಕ್ಕಾ... ನಾನೇ ಕಣೇ. ನಿನ್ನೆ ಸಂಜೆ ಹಳೇ ದಿಂಬಿನ ಚೀಲ ತುರುಕಿ ದಾರ ಬಿಗಿದೆ. ಸ್ವಲ್ಪ ಗಾಳಿ ಬಂದ್ರೆ ಸಾಕು, ಆ ತುಕ್ಕುನೀರೆಲ್ಲ ಒಣಹಾಕಿದ ಹೊದಿಕೆ ಮೇಲೆ. ಒಗೆದಿದ್ದನ್ನೇ ಎಷ್ಟು ಸಲ ಒಗೀಲಿ? ಕಲೆ ಇದ್ರೆ ಬೈಸ್ಕೊಳ್ಳೋಳು ನಾನು." ಹೇಳುತ್ತಲೇ ತಾರಸಿಯ ಮೆಟ್ಟಿಲಿನತ್ತ ಓಡುತ್ತಾರೆ. "ಈಗ್ಲೇ ಕಿತ್ತು ಬಿಸಾಕ್ತೀನಿ!"

ಕೆಂಡಕ್ಕ ತೋಳು ಹಿಡಿದು ಎಳೆಯುತ್ತಾರೆ. "ಹತ್ತಬೇಡ! ನೀನು ಕೀಳೋದೇ ತಡ, ಉಗಿ ಮುಖಕ್ಕೆ ಬಡಿಯುತ್ತೆ. ನಿಮ್ಮ ಭಾವನ ಬೆನ್ನು ನೋಡಿದೀಯಲ್ಲ?"

ಕೆಂಡಕ್ಕ ಸಲಿಕೆಯಿಂದ ಕೆಂಡ ಎಳೆದೆಳೆದು ಕಬ್ಬಿಣದ ಬಾಣಲೆಗೆ ತುಂಬುತ್ತಾರೆ, ತಂಗಿ ಅದರ ಮೇಲೆ ಮರಳು ಸುರಿಯುತ್ತಾರೆ. ಒಲೆಗೆ ನೀರು ಎರಚುವಂತಿಲ್ಲ. ಕಾದ ಕಬ್ಬಿಣ ಬಿರಿದರೆ ಕಥೆ ಅಲ್ಲಿಗೇ ಮುಗಿಯಿತು. ಕೂದಲು ಸುಟ್ಟ ವಾಸನೆ ಬರುತ್ತಿದೆ, ಯಾರದ್ದೆಂದು ನೋಡಲು ಇಬ್ಬರಿಗೂ ಪುರುಸೊತ್ತಿಲ್ಲ. ಕೆಂಡವೆಲ್ಲ ಹೊರಬಂದರೂ ಮುಳ್ಳು ಇಳಿಯುತ್ತಿಲ್ಲ. ಇನ್ನು ಒಗೆಯುವ ಕೋಣೆಯ ದೊಡ್ಡ ನಲ್ಲಿ ತೆರೆದು ಒತ್ತಡ ಇಳಿಸಬೇಕು. ಅಷ್ಟರಲ್ಲಿ ಗೋಡೆಯಾಚೆಯ ಬಚ್ಚಲಿನಿಂದ ಚೊಂಬಿನ ಸದ್ದು. ಟ್ಯಾಂಕ್ ಒಡೆದರೆ ಮೊದಲು ಕುಸಿಯುವುದು ಆ ಗೋಡೆ.

"ತಾತಾ, ನಲ್ಲಿ ಮುಟ್ಟಬೇಡಿ! ಹೊರಗೆ ಬನ್ನಿ!"

"ಸೋಪು ಹಚ್ಕೊಂಡಿದೀನಮ್ಮಾ!" ಒಳಗಿನಿಂದ ನಿರಾಳವಾದ ಉತ್ತರ.

"ಸೋಪಿನ ಸಮೇತ ಬನ್ನಿ!"

"ಮಾನ ಮರ್ಯಾದೆ ಅಂತ ಒಂದಿದೆ!"

"ಟವೆಲ್ ಸುತ್ಕೊಳ್ಳಿ ತಾತಾ, ನಿಮ್ಮ ಕಾಲಿಗೆ ಬೀಳ್ತೀನಿ!"

ಕೆಂಡಕ್ಕನ ದನಿ ಒಡೆದದ್ದು ತಾತನಿಗೂ ಕೇಳಿಸಿರಬೇಕು, ಚಿಲಕ ಸರಿಯುತ್ತದೆ. ಮೈತುಂಬ ನೊರೆ ಹೊತ್ತು ಗೊಣಗುತ್ತ ಬಂದ ಅವರನ್ನು ತಂಗಿ ಕೈಹಿಡಿದು ಅಂಗಳದ ಆ ತುದಿಗೆ ಕರೆದೊಯ್ಯುತ್ತಾರೆ.

ಕೆಂಡಕ್ಕ ಒಬ್ಬರೇ ಒಗೆಯುವ ಕೋಣೆಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತು, ಬಟ್ಟೆ ಒಣಹಾಕುವ ಕೋಲಿನಿಂದ ನಲ್ಲಿಯ ಹಿಡಿಯನ್ನು ತಳ್ಳುತ್ತಾರೆ. ಮೊದಲು ಏನೂ ಇಲ್ಲ. ಆಮೇಲೆ ಬುಸ್ಸೆಂದು ನುಗ್ಗಿದ ಉಗಿಯಲ್ಲಿ ಕೋಣೆ ಬೆಳ್ಳಗಾಗಿ ಕೆಂಡಕ್ಕ ಕಾಣದಾಗುತ್ತಾರೆ. ಅಂಗಳದಿಂದ ತಂಗಿ "ಅಕ್ಕಾ" ಎಂದು ಕೂಗುತ್ತಾರೆ. ಮತ್ತೆ ಕೂಗುತ್ತಾರೆ. ಕೊನೆಗೆ ಒಳಗಿನಿಂದ ಕೆಮ್ಮು ಕೇಳಿಸುತ್ತದೆ.

"ಬದುಕಿದೀನಿ ಕಣೇ. ಮುಳ್ಳು ನೋಡು, ಇಳೀತಾ?"

ಇಳಿಯುತ್ತಿದೆ. ಒಲೆಕೋಣೆಗೆ ಓಡಿಬಂದು ನೋಡಿದ ತಂಗಿ ಬಾಗಿಲ ಚೌಕಟ್ಟಿಗೆ ತಲೆಯಾನಿಸಿ ಜೋರಾಗಿ ಅಳುತ್ತಾರೆ.

ಬಿಸಿಲೇರುವ ಹೊತ್ತಿಗೆ ಮೇಲ್ವಿಚಾರಕಿ ಬರುತ್ತಾರೆ. "ಏನ್ ಕೆಂಡಕ್ಕ ಇದು, ನೀರು ತಣ್ಣಗಿದೆ ಅಂತ ಎಲ್ಲರೂ ನನ್ನ ಪ್ರಾಣ ತಿಂತಿದ್ದಾರೆ?"

"ಕೊಳವೆ ಕಟ್ಟಿಕೊಂಡಿತ್ತು ಮೇಡಂ. ಬಿಡಿಸ್ತೀವಿ."

ಅದಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲ. ತಂಗಿಯ ಕೆಲಸ ಹೋದರೆ ಆ ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇಲ್ಲ. ಪತ್ರಿಕೆಯವರಿಗೂ ಕೈಮುಗಿಯುತ್ತಾರೆ: "ಒಲೆ ವಿಷಯ ಎಷ್ಟು ಬೇಕಾದ್ರೂ ಬರೀರಿ. ಇವತ್ತಿಂದು ಮಾತ್ರ ಬೇಡ."

ಟ್ಯಾಂಕ್ ಆರಿದ ಮೇಲೆ ತಾರಸಿ ಹತ್ತಿದ ತಂಗಿ, ತುಕ್ಕು ಕುಡಿದು ಕೆಂಪಾದ ದಿಂಬಿನ ಚೀಲ ಹಿಡಿದು ಇಳಿದು ಬರುತ್ತಾರೆ. ಅಕ್ಕನ ಮಾತು ಅವರ ಕಿವಿಗೂ ಬಿದ್ದಿದೆ. "ಬರೀರಿ" ಎನ್ನುತ್ತಾರೆ. "ನಾನೇ ಮುಚ್ಚಿದ್ದು ಅಂತಾನೇ ಬರೀರಿ. ನನ್ನ ಥರ ಕಲೆಗೆ ಹೆದರಿ ಇನ್ನೊಬ್ಬಳು ಇನ್ನೆಲ್ಲೋ ತುರುಕಬಾರದು. ಮೇಡಂಗೆ ನಾನೇ ಹೋಗಿ ಹೇಳ್ತೀನಿ." ಆ ಚೀಲದ ಸಮೇತ ಆಫೀಸಿಗೆ ಹೋಗುತ್ತಾರೆ. ಕೆಂಡಕ್ಕ ಸೌದೆರಾಶಿಯ ಮೇಲೆ ಕೂತು, ಟ್ಯಾಂಕಿನ ಮುಳ್ಳನ್ನು ನೋಡಿದ ಹಾಗೆಯೇ ಆಫೀಸಿನ ಬಾಗಿಲನ್ನು ನೋಡುತ್ತಾರೆ. ತಂಗಿ ಕಣ್ಣು ಕೆಂಪಗೆ ಮಾಡಿಕೊಂಡು ವಾಪಸಾಗುತ್ತಾರೆ. ಬೈಗುಳ ಬಿದ್ದಿದೆ, ಕೆಲಸ ಉಳಿದಿದೆ.

ನಿಮಗೇನು ಬೇಕು ಎಂದು ಕೇಳಿದರೆ ಕೆಂಡಕ್ಕ ತಾರಸಿಯತ್ತ ಬೆರಳು ಮಾಡುತ್ತಾರೆ. "ಆ ಕೊಳವೆ ಬಾಯಿ ಚರಂಡಿ ಕಡೆ ತಿರುಗಿಸಿಕೊಡಿ ಅಂತ ಕೇಳೀ ಕೇಳೀ ನನ್ನ ಬಾಯಿ ಒಣಗಿದೆ. ಅಷ್ಟು ಮಾಡ್ಲಿ. ಅವಳ ಬಟ್ಟೆ ಬೆಳ್ಳಗಿರುತ್ತೆ, ನನ್ನ ಒಲೆ ಉಸಿರಾಡುತ್ತೆ."

ಮರುದಿನ ಬೆಳಗ್ಗೆ ಬಟ್ಟೆಯ ಹಗ್ಗ ಅಂಗಳದ ಇನ್ನೊಂದು ಮೂಲೆ ಸೇರಿದೆ. ತಂಗಿ ಕರೆಯದೆಯೇ ಬಂದು ಸೌದೆಮನೆಯ ತಗಡಿನ ಕೆಳಗೆ ಕತ್ತೆತ್ತಿ ನಿಂತಿದ್ದಾರೆ. ಕೆಂಡಕ್ಕನ ಕೈಯಲ್ಲಿ ಎರಡನೆಯ ಸೀಳು ಹಾಗೇ ಇದೆ. ಇಬ್ಬರೂ ತಗಡಿನತ್ತ ಕಿವಿಗೊಟ್ಟಿದ್ದಾರೆ.

ಟಪ್.

"ಬಿತ್ತಕ್ಕಾ!"

ಕೆಂಡಕ್ಕ ಒಲೆಗೆ ಸೌದೆ ಹಾಕುತ್ತಾರೆ.