ತಿಳಿಯಾದ ಕೆರೆ

ಗದಗಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ, ಕೆರೆಯ ಮೇಲೆ ತೇಲುವ ಹಸಿರನ್ನೆಲ್ಲ ಜನ ‘ಬರೇ ಪಾಚಿ’ ಅಂದರೆ ಮೈ ಉರಿಯುತ್ತದೆ. ನೀಲಿ-ಹಸಿರು ಪಾಚಿ ಹೆಸರಿಗಷ್ಟೇ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಗಿಡದ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ, ಜೀವಕೋಶದೊಳಗೆ ಗಾಳಿ ತುಂಬಿಕೊಂಡು ಮೇಲೆ ತೇಲುತ್ತದೆ. ಕೆಲವು ಜಾತಿಗಳ ಒಳಗೆ ಪಿತ್ತಜನಕಾಂಗವನ್ನೇ ಹಾಳುಮಾಡುವ ವಿಷ ಇರುತ್ತದೆ. ಸತ್ತು ಒಡೆದಾಗ ಅದಷ್ಟೂ ನೀರಿಗೆ ಇಳಿಯುತ್ತದೆ.

ಆ ಬೇಸಿಗೆಯಲ್ಲಿ ಶಿರಹಟ್ಟಿ ಕಡೆಯ ನನ್ನ ತವರೂರಿನ ಕೆರೆ ಹಸಿರು ಕೆನೆಗಟ್ಟಿ ನಾರತೊಡಗಿತು. ಎಮ್ಮೆಗಳು ಮೂಸಿ ಮೂತಿ ತಿರುಗಿಸುತ್ತಿದ್ದವು. ಊರಿನವರು ತಮ್ಮ ಹಳೆಯ ಮದ್ದು ಮಾಡಿದರು. ಬೆಳೆಗೆ ಹೊಡೆಯುವ ಮೈಲುತುತ್ತವನ್ನು ಗೋಣಿಚೀಲದಲ್ಲಿ ಕಟ್ಟಿ, ಈಜು ಬಲ್ಲವರು ಕೆರೆಯ ತುಂಬ ಎಳೆದಾಡಿದರು. ಹಸಿರು ಸತ್ತು ತಳಕ್ಕಿಳಿಯಿತು, ನಾತವೂ ಹೋಯಿತು.

ಭಾನುವಾರ ನಾನು ಬಸ್ಸಿಳಿದಾಗ, ಅಣ್ಣನ ಹೆಂಡತಿ, ನಮ್ಮ ವೈನಿ, ಕೆರೆಯಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ಕರುವಾಗಿದ್ದಾಗಿನಿಂದ ಅವರೇ ಸಾಕಿದ ಎಮ್ಮೆ, ಈಗ ಚೊಚ್ಚಲ ಗಬ್ಬ. ಹುಟ್ಟುವ ಕರುವಿಗೆ ಕಟ್ಟಲು ಗೆಜ್ಜೆಯನ್ನೂ ತಂದಿಟ್ಟಿದ್ದರು.

“ನೋಡ ತಂಗಿ, ಮೈಲುತುತ್ತ ಹಾಕಿದ ಮ್ಯಾಲ ನೀರು ಹೆಂಗ ತಿಳಿ ಆಗೇತಿ! ಹೊಟ್ಟಿ ತುಂಬ ಕುಡದಾಳ ನಮ್ಮವ್ವ,” ಎಂದು ವೈನಿ ಎಮ್ಮೆಯ ಬೆನ್ನು ಸವರಿದರು.

“ಅಯ್ಯ ವೈನಿ, ಯಾಕ ಕುಡಿಸಿದ್ರಿ? ಹಸರು ಸತ್ತು ಅದರ ವಿಷ ಈಗ ನೀರಾಗ ಐತ್ರಿ!”

“ಸಾಕ್ ಬಿಡ, ನಿನ್ನ ಕಾಲೇಜಿನ ಪುರಾಣ. ನಡಿ, ರೊಟ್ಟಿ ಬಿಸಿ ಅದಾವು.”

ಮಧ್ಯಾಹ್ನ ಎಮ್ಮೆ ಮೇವು ಬಿಟ್ಟಿತು. ಕಿವಿ ತಣ್ಣಗಾದವು, ಕಾಲು ನಡುಗಿ ಕುಸಿಯಿತು. ಅಣ್ಣ ಕರೆತಂದ ದನದ ಡಾಕ್ಟರು ಸೂಜಿ ಮಾಡಿ, ತಲೆ ತಗ್ಗಿಸಿ ನಿಂತರು. “ಇದಕ್ಕ ಮದ್ದಿಲ್ರಿ.”

“ಹೊಟ್ಯಾಗಿನ ಕರಾನರ ಉಳಸ್ರಿ ಸಾಹೇಬ್ರ,” ಎಂದು ವೈನಿ ಕೈಮುಗಿದರು.

“ದಿನಾ ತುಂಬಿಲ್ರಿ ಅಕ್ಕಾರ. ಹೊರಗ ತಗದರೂ ಬದಕಂಗಿಲ್ಲ.”

ಹೊತ್ತು ಮುಳುಗುವಾಗ ಎಮ್ಮೆಯ ಉಸಿರು ನಿಂತಿತು. ನನಗೆ ಕೆಟ್ಟ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ವೈನಿ ಅಳಲಿಲ್ಲ. ನನ್ನ ಕೈ ಎಳೆದು ಎಮ್ಮೆಯ ಹೊಟ್ಟೆಯ ಮೇಲೆ ಇಟ್ಟರು. “ಒಳಗ ಹೊಳ್ಳಾಡಾಕತ್ತೈತಿ, ನೋಡ.”

ಖರೆ, ಒಳಗೆ ಕರು ಒದೆಯುತ್ತಿತ್ತು. ಒಮ್ಮೆ ಜೋರಾಗಿ, ಆಮೇಲೆ ಮೆಲ್ಲಗೆ. ಆಮೇಲೆ ಏನೂ ಇಲ್ಲ.

“ಇನ್ನೂ ಐತೇನ?” ಅಂದರು ವೈನಿ.

“ಐತ್ರಿ, ವೈನಿ,” ಅಂದೆ. ಕೈ ತೆಗೆಯಲಿಲ್ಲ.