ಗುಳ್ಳೆ ಮೇಷ್ಟ್ರ ಚೆಲುವಾದ ಕಣಗಳು

ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳನ್ನು ಮಾಡಿ, ಅವುಗಳೊಳಗೆ ಔಷಧ ತುಂಬಿ, ಜೀವಕೋಶದ ಬಾಗಿಲಿಗೆ ತಲುಪಿಸುವುದು ಗುಳ್ಳೆ ಮೇಷ್ಟ್ರ ಪ್ರಯೋಗಾಲಯದ ಕೆಲಸ. ಸಾಗಣೆ ವ್ಯಾಪಾರ ಅಂತಲೇ ಅನ್ನಿ. ಸರಕು ಮುಟ್ಟಿದರೆ ಸರಿ, ಗಾಡಿಯ ಅಂದಚೆಂದ ಯಾರಿಗೆ ಬೇಕು? ಮೇಷ್ಟ್ರಿಗೆ ಬೇಕಿತ್ತು.

ಎಲ್ಲರೂ ಗುಳ್ಳೆ ಗಟ್ಟಿಯಾಗಲೆಂದು ಕೊಲೆಸ್ಟರಾಲ್ ಬೆರೆಸಿದರೆ, ಇವರು ಸೋಯಾ ಎಣ್ಣೆಯಿಂದ ತೆಗೆದ, ಕೊಲೆಸ್ಟರಾಲಿನ ದಾಯಾದಿಯಂಥ ಅಂಶ ಬೆರೆಸಿದರು. ದುಂಡಗಿದ್ದ ಗುಳ್ಳೆ ಸಾಣೆ ಹಿಡಿದ ಹರಳಿನಂತೆ ಮೂಲೆ ಮೂಲೆಯಾಯಿತು. ಕೋಶದೊಳಕ್ಕೆ ಸಲೀಸಾಗಿಯೂ ನುಗ್ಗಿತು. ಅಂದಿನಿಂದ ಮೇಷ್ಟ್ರ ಕಾಲು ನೆಲಕ್ಕೆ ತಾಗಲಿಲ್ಲ. ಯಾರಾದರೂ ಮೊಮ್ಮಕ್ಕಳ ಫೋಟೊ ತೋರಿಸಿದರೆ, ಇವರು ಮೊಬೈಲಿನಲ್ಲಿ ಗುಳ್ಳೆಗಳ ಫೋಟೊ ತೋರಿಸುತ್ತಿದ್ದರು.

ಸರಕು ತುಂಬುವುದು ಹೆಂಡತಿಯ ಪಾಲಿನ ಕೆಲಸ. ಆಕೆಯೂ ಅಲ್ಲೇ ವಿಜ್ಞಾನಿ. ಪ್ರತಿ ಸಲವೂ ಎರಡು ಸೀಸೆ: ಒಂದರಲ್ಲಿ ತುಂಬಿದ ಗುಳ್ಳೆ, ಹೋಲಿಕೆಗೆಂದು ಇನ್ನೊಂದರಲ್ಲಿ ಖಾಲಿ ಗುಳ್ಳೆ. ಈ ಸಲದ ಸರಕು ಕೋಶವನ್ನು ಹಸಿರಾಗಿ ಹೊಳೆಯಿಸುವಂಥದ್ದು. ಪರಿಶೀಲನಾ ಸಮಿತಿಯ ಮುಂದೆ ಕೋಶ ಹೊಳೆದರೆ ಪ್ರಯೋಗಾಲಯ ಉಳಿಯುತ್ತದೆ; ಇಲ್ಲದಿದ್ದರೆ ಬಾಗಿಲು ಮುಚ್ಚುತ್ತದೆ.

ಮೇಷ್ಟ್ರು ಚಪ್ಪಲಿ ಅಂಗಡಿಗೆ ಹೋದವರಂತೆ ಎರಡೂ ಸೀಸೆಯ ಗುಳ್ಳೆಗಳ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಬೇಡ. ಮೈಯೆಲ್ಲ ಗಂಟು ಗಂಟು.”

“ರೀ, ಹೊಟ್ಟೆ ತುಂಬಿದ್ರೆ ಹಾಗೇ ಆಗೋದು. ನಿಮ್ಮದೇ ನೋಡ್ಕೊಳ್ಳಿ.”

“ನಿಂಗೆ ರೂಪದ ಬೆಲೆ ಗೊತ್ತಿಲ್ಲ ಬಿಡು.”

“ಗೊತ್ತಿದ್ದಿದ್ರೆ ನಿಮ್ಮನ್ನ ಕಟ್ಕೊಳ್ತಿದ್ನಾ?”

ಮೇಷ್ಟ್ರಿಗೆ ರೋಷ ಬಂತು. ಸೀಸೆಯ ಮೇಲಿನ ಚೀಟಿಯನ್ನೂ ನೋಡದೆ, ಅಚ್ಚುಕಟ್ಟಾಗಿ ಕಂಡದ್ದನ್ನೇ ಸಮಿತಿಗೆಂದಿಟ್ಟ ಕೋಶಗಳಿಗೆ ಸುರಿದರು. ಅದು ಖಾಲಿಯದು. ಹೆಂಡತಿ ವಾದ ಬೆಳೆಸದೆ, ಗಂಟು ಗಂಟಿನದನ್ನು ಇನ್ನೊಂದು ತಟ್ಟೆಯ ಕೋಶಗಳಿಗೆ ಹಾಕಿಟ್ಟರು.

ಸಮಿತಿ ಬಂತು. ಮೇಷ್ಟ್ರು ಹಾಕಿಸಿದ್ದ ಗುಳ್ಳೆಗಳ ಗೋಡೆಯಗಲದ ಚಿತ್ರ ನೋಡಿ ಎಲ್ಲರೂ ತಲೆದೂಗಿದರು. ಅಧ್ಯಕ್ಷೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಳಗೆ ಬರೀ ಕತ್ತಲೆ.

“ಏನ್ ಮೇಷ್ಟ್ರೇ, ಕರೆಂಟ್ ಹೋಗಿದ್ಯಾ?”

“ಕೋಶಗಳಿಗೆ ಇವತ್ತು ಯಾಕೋ ಮೂಡ್ ಇಲ್ಲ, ಮೇಡಂ.”

ಹೆಂಡತಿ ತಟ್ಟೆ ಬದಲಿಸಿದರು. ಈ ಸಲ ಅಧ್ಯಕ್ಷೆ ಕಣ್ಣು ತೆಗೆಯಲೇ ಇಲ್ಲ: ಒಳಗೆಲ್ಲ ಹಸಿರೋ ಹಸಿರು.

ಪ್ರಯೋಗಾಲಯ ಉಳಿಯಿತು, ಆದರೆ ಅದಕ್ಕೀಗ ಹೆಂಡತಿಯೇ ಮುಖ್ಯಸ್ಥೆ. ಮೇಷ್ಟ್ರು ಈಗ ಆಕೆ ಹೇಳಿದ ಅಳತೆಗೆ ಗಂಟು ಗಂಟಿನ ಗುಳ್ಳೆ ಮಾಡಿಕೊಡುತ್ತಾರೆ. ಅವುಗಳ ಫೋಟೊ ಮಾತ್ರ, ಏನು ಮಾಡಿದರೂ, ತೆಗೆಯುವುದಿಲ್ಲ.